ನಾಡಿ ಬ್ಯಾಟರಿಯದು, ಗುಂಡಿಗೆ ಗೌಡರದು

ಎಕ್ಸ್-ರೇ ಡಾಕ್ಟರನ್ನು ಡಾಕ್ಟರೆಂದು ನಮ್ಮ ಕಡೆ ಯಾರೂ ಒಪ್ಪುತ್ತಿರಲಿಲ್ಲ. ಸೂಜಿ ಚುಚ್ಚುವುದಿಲ್ಲ, ಔಷಧಿ ಬರೆಯುವುದಿಲ್ಲ, ನಾಲಗೆ ಚಾಚು ಅನ್ನುವುದೂ ಇಲ್ಲ. ಕತ್ತಲೆ ಕೋಣೆಯಿಂದ ಕಣ್ಣು ಕಿರಿದು ಮಾಡಿಕೊಂಡು ಹೊರಬರುವ ಇವನು ಯಾವ ಸೀಮೆ ಡಾಕ್ಟರು? ನಾನು ಹೆಣ್ಣು ನೋಡಲು ಹೋದಾಗ ಮುಂದೆ ನನ್ನ ಮಾವನಾಗಲಿದ್ದವರು ಕಾಫಿ ಲೋಟ ಕೆಳಗಿಟ್ಟು ಕೇಳಿದ್ದೂ ಅದನ್ನೇ: “ಫೋಟೋ ತೆಗೆಯೋದಕ್ಕೂ ಡಾಕ್ಟರಿಕೆ ಓದ್ಬೇಕೇನಪ್ಪ?” ಹೆಣ್ಣು ಕೊಟ್ಟರು ನಿಜ, ಆದರೆ ಕೊನೆಯವರೆಗೂ ಅವರ ಕೆಮ್ಮಿಗೆ ಔಷಧಿ ಕೇಳಿದ್ದು ಪಕ್ಕದ ಬೀದಿಯ ಕಾಂಪೌಂಡರನ್ನು.

ಈ ಕೆಲಸಕ್ಕೆ ಹೊಸದಾಗಿ ಸೇರುವವರು ಆಗಾಗ ಮನೆಗೆ ಬಂದು “ಸಾರ್, ನಿಮ್ಮ ಕಾಲದಲ್ಲಿ ಹೇಗಿತ್ತು?” ಎಂದು ಕೇಳುತ್ತಾರೆ. ಹಿಂದಿನದೆಲ್ಲ ಚಿನ್ನವಾಗಿತ್ತು ಅಂತ ನಾನು ಹೇಳುತ್ತೇನೆಂದು ಕಾದಿರುತ್ತಾರೆ. ಚಿನ್ನವೂ ಇಲ್ಲ ಮಣ್ಣೂ ಇಲ್ಲ, ಇದ್ದದ್ದು ಒಂದು ಬೀರು. ಅಲ್ಲಿಂದಲೇ ಶುರು ಮಾಡುತ್ತೇನೆ.

ಎಪ್ಪತ್ತರ ದಶಕದಲ್ಲಿ ನಾನು ಮಂಡ್ಯದ ಒಂದು ಧರ್ಮಾಸ್ಪತ್ರೆಯಲ್ಲಿದ್ದೆ. ಹೆಸರು ಬೇಡ, ಅದನ್ನು ನಡೆಸುತ್ತಿದ್ದವರ ಮೊಮ್ಮಕ್ಕಳು ನಮ್ಮ ಬೀದಿಯಲ್ಲೇ ಇದ್ದಾರೆ. ಮದ್ದೂರಿನಲ್ಲೂ ಮಳವಳ್ಳಿಯಲ್ಲೂ ಅದಕ್ಕೆ ಒಂದೊಂದು ಮರಿ ಆಸ್ಪತ್ರೆ ಇತ್ತು. ವಾರಕ್ಕೊಮ್ಮೆ ಬಸ್ಸು ಹಿಡಿದು ಅಲ್ಲಿಗೂ ಹೋಗಿ ಬರಬೇಕು. ಮಂಡ್ಯದಲ್ಲಿ ನನಗೆ ಕೊಟ್ಟಿದ್ದ ಕೋಣೆ ಮೊದಲು ಹಾಸಿಗೆ ದಿಂಬು ಇಡುವ ಉಗ್ರಾಣವಾಗಿತ್ತು. ಎದೆಯ ಎಕ್ಸ್-ರೇ ತೆಗೆಯುವಾಗ ಕಿರಣ ಬಿಡುವ ಕೊಳವೆಗೂ ಫಿಲಮ್ಮಿಗೂ ನಡುವೆ ಆರಡಿ ಇರಬೇಕು. ಇಲ್ಲದಿದ್ದರೆ ದೀಪದ ಹತ್ತಿರ ಕೈ ಹಿಡಿದಾಗ ಗೋಡೆಯ ಮೇಲೆ ನೆರಳು ದೊಡ್ಡದಾಗುವ ಹಾಗೆ ಹೃದಯದ ನೆರಳೂ ದೊಡ್ಡದಾಗಿ ಬೀಳುತ್ತದೆ. ನಮ್ಮ ಕೋಣೆಯಲ್ಲಿ ಆ ಆರಡಿಯ ಮಧ್ಯೆ ಒಂದು ಕಬ್ಬಿಣದ ಬೀರು ನಿಂತಿತ್ತು. ಆಸ್ಪತ್ರೆಯ ಧರ್ಮದರ್ಶಿಗಳಲ್ಲಿ ಎರಡು ಪಂಗಡವಾಗಿ, ಕೋರ್ಟಿಗೆ ಹೋಗಿ, ಬೀರುವಿಗೆ ಮೊಹರು ಬಿದ್ದಿತ್ತು. ತೀರ್ಪು ಬರುವವರೆಗೆ ಅದನ್ನು ತೆರೆಯುವಂತಿಲ್ಲ, ಸರಿಸುವಂತಿಲ್ಲ. ಸತ್ತ ಮೇಲೆ ಎಲ್ಲರಿಗೂ ಆರಡಿ ಜಾಗ ಸಿಗುತ್ತದೆ, ಬದುಕಿದ್ದವರಿಗೆ ನಮ್ಮ ಆಸ್ಪತ್ರೆಯಲ್ಲಿ ಸಿಗುತ್ತಿದ್ದದ್ದು ನಾಲ್ಕೂವರೆ.

ಹಾಗಾಗಿ ನಮ್ಮಲ್ಲಿ ಎಕ್ಸ್-ರೇಗೆ ನಿಂತವರ ಹೃದಯವೆಲ್ಲ ದೊಡ್ಡದೇ. ಕಬ್ಬು ಕಡಿಯುವವನದೂ ದೊಡ್ಡದು, ಬಡ್ಡಿ ಸಾಹುಕಾರನದೂ ದೊಡ್ಡದು. ಮೊದಮೊದಲು ನಾನು ವರದಿಯಲ್ಲಿ “ನೆರಳು ದೊಡ್ಡದಾಗಿದೆ, ದೂರ ಸಾಲದೆ ಹೀಗಾಗಿರಬಹುದು” ಎಂದು ನಿಷ್ಠೆಯಿಂದ ಬರೆದೆ. ಡಾಕ್ಟರುಗಳು ಅದನ್ನು ಓದಿ ಓದಿ ಬೇಸತ್ತು, ಎಕ್ಸ್-ರೇ ವರದಿಯಲ್ಲಿ ಹೃದಯದ ಮಾತು ಬಂದರೆ ಆ ಸಾಲನ್ನೇ ಹಾರಿಸಿ ಓದುವ ಅಭ್ಯಾಸ ಮಾಡಿಕೊಂಡರು. ಅಭ್ಯಾಸ ಒಂದು ಸಲ ಮೈಗೆ ಹತ್ತಿತೆಂದರೆ ಬಿಡಿಸುವ ಔಷಧಿ ಯಾವ ಅಂಗಡಿಯಲ್ಲೂ ಇಲ್ಲ.

ರೋಗಿಗಳೂ ಕಮ್ಮಿಯೇನಲ್ಲ. “ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ” ಎಂದರೆ ಹಿಡಿದುಕೊಳ್ಳುವರು. ಫಿಲಂ ತೆಗೆದು ನಾನು ಒಳಗೆ ಹೋದರೆ ಬಿಡಿ ಅನ್ನುವವರಿಲ್ಲದೆ ಹಾಗೇ ನಿಂತಿರುವರು. ಒಬ್ಬಾತ ಕಣ್ಣು ಮೇಲೆ ಮಾಡಿದ ಮೇಲೆ ನನ್ನ ಸಹಾಯಕ ಕರಿಯಪ್ಪ ಬಾಗಿಲಲ್ಲಿ ನಿಂತು ಎಲ್ಲರಿಗೂ “ಬುಟ್ಬುಡಿ, ಬುಟ್ಬುಡಿ” ಎಂದು ಕೂಗುವ ಪದ್ಧತಿ ಇಟ್ಟುಕೊಂಡ. ಯಲಿಯೂರಿನ ಒಬ್ಬ ಮೇಷ್ಟರು ಕೊರಳಿನ ಬೆಳ್ಳಿ ತಾಯತ ತೆಗೆಯಲು ಒಪ್ಪದೆ ಅದನ್ನು ಬೆನ್ನಿಗೆ ತಿರುಗಿಸಿಕೊಂಡು ನಿಂತರು. ಶ್ವಾಸಕೋಶದ ನಡುವೆ ದುಂಡನೆಯದೊಂದು ಕಂಡಿತು. ನಾನು ವರದಿ ಬರೆಯುವುದರೊಳಗೆ ನಮ್ಮ ದೊಡ್ಡ ಡಾಕ್ಟರು ಒದ್ದೆ ಫಿಲಮ್ಮನ್ನೇ ಎತ್ತಿ ನೋಡಿ, “ಮೇಷ್ಟ್ರೇ, ಯಾವಾಗ್ಲಾದ್ರೂ ಗುಂಡೇಟು ಬಿದ್ದಿತ್ತೇ?” ಎಂದು ಕೇಳಿಬಿಟ್ಟರು. ಮೇಷ್ಟರು ಸ್ವಾತಂತ್ರ್ಯ ಚಳವಳಿಯಲ್ಲಿ ಮೆರವಣಿಗೆ ಹೋಗಿದ್ದವರು. ಸ್ವಲ್ಪ ಯೋಚಿಸಿ, “ಬಿದ್ದಿದ್ರೂ ಇರಬಹುದು” ಅಂದರು.

ಈ ದೊಡ್ಡ ಡಾಕ್ಟರ ವಿಷಯ ಹೇಳಬೇಕು. ಎತ್ತರದ ಆಳು, ಇಸ್ತ್ರಿ ಮುರಿಯದ ಕೋಟು, ಗಂಭೀರವಾದ ಕಂಠ. ಅವರು ದಡ್ಡರಲ್ಲ, ದಡ್ಡರಾಗಿದ್ದರೆ ನನಗೆ ಇಷ್ಟು ತೊಂದರೆಯಾಗುತ್ತಿರಲಿಲ್ಲ. ರೋಗಿಯ ಮಣಿಕಟ್ಟು ಹಿಡಿದು, ಸೂರು ನೋಡುತ್ತಾ, ತುಟಿಯೊಳಗೇ ಎಣಿಸುವುದು ಅವರ ವೈದ್ಯಕೀಯದ ಮುಕ್ಕಾಲು ಭಾಗ. “ನಾಡಿ ಸುಳ್ಳು ಹೇಳಲ್ಲ ಕಣ್ರೀ, ನಿಮ್ಮ ಫೋಟೋ ಹೇಳುತ್ತೆ” ಎಂದು ನನಗೆ ವಾರಕ್ಕೊಂದು ಸಲವಾದರೂ ಅನ್ನುವರು. ಬೀರು ಇರುವವರೆಗೆ ನಾನು ಅದಕ್ಕೆ ಎದುರು ಹೇಳುವ ಹಾಗಿರಲಿಲ್ಲ.

ಹೀಗಿರುವಾಗ ನಿಡಘಟ್ಟದ ಕಡೆಯ ಸಿದ್ದೇಗೌಡರು ಬಂದರು. ಸ್ವಂತ ಆಲೆಮನೆ ಇಟ್ಟುಕೊಂಡಿದ್ದ ಗಟ್ಟಿ ಆಳು. ಒಂದು ದಿನ ಕಬ್ಬಿನ ಹಾಲು ಕುದಿಯುತ್ತಿದ್ದ ಕೊಪ್ಪರಿಗೆಯ ಪಕ್ಕದಲ್ಲೇ ತಲೆ ತಿರುಗಿ ಬಿದ್ದಿದ್ದರು. ಒಂದು ಮೊಳ ಆಚೆ ಬಿದ್ದಿದ್ದರೆ ಬೆಲ್ಲದೊಳಗೇ ಹೋಗುತ್ತಿದ್ದರು. ಅವರ ಗುಂಡಿಗೆ ಸ್ವಂತವಾಗಿ ಮಿಡಿಯುತ್ತಿದ್ದದ್ದು ನಿಮಿಷಕ್ಕೆ ಮೂವತ್ತರ ಆಸುಪಾಸು. ಬೆಂಗಳೂರಿನಲ್ಲಿ ಅವರ ಕೊರಳೆಲುಬಿನ ಕೆಳಗೆ ಎದೆಯ ಚರ್ಮ ಸೀಳಿ, ಎಲೆ ಅಡಿಕೆ ಡಬ್ಬಿಯಷ್ಟಿದ್ದ ಒಂದು ಪೇಸ್‌ಮೇಕರ್ ಇಟ್ಟು, ಅದರಿಂದ ಗುಂಡಿಗೆಯೊಳಗೆ ಒಂದು ತಂತಿ ಇಳಿಸಿ ಕಳಿಸಿದರು. ಅದು ಬ್ಯಾಟರಿಯಿಂದ ಸಣ್ಣಗೆ ಕರೆಂಟು ಕೊಟ್ಟು ಗುಂಡಿಗೆಯನ್ನು ನಿಮಿಷಕ್ಕೆ ಎಪ್ಪತ್ತು ಸಲ ಬಡಿಸುತ್ತಿತ್ತು. ಕೂತರೂ ಎಪ್ಪತ್ತು, ನಡೆದರೂ ಎಪ್ಪತ್ತು, ಹೆಂಡತಿ ಕೆಂಪಮ್ಮನ ಜೊತೆ ಜಗಳ ಆಡಿದರೂ ಎಪ್ಪತ್ತೇ.

ಮಂಡ್ಯ ಸೀಮೆಯಲ್ಲಿ ಯಾರೂ ಅಂಥದ್ದನ್ನು ಕಂಡಿರಲಿಲ್ಲ. ಗೌಡರು ಬಸ್ಸು ಹತ್ತಿದರೆ ಕಂಡಕ್ಟರು ಸೀಟು ಬಿಡಿಸಿ ಕೊಡುವನು, ಮಾಡಿದ ಉಪಕಾರಕ್ಕೆ ಮದ್ದೂರು ಬರುವತನಕ ಅವರ ಕೈ ಹಿಡಿದು ನಾಡಿ ನೋಡುವನು. ಊರಿನ ಅರಳಿಕಟ್ಟೆಯಲ್ಲಿ ಹೈಕಳು ಸರದಿಯಲ್ಲಿ ನಿಂತು ಮಣಿಕಟ್ಟು ಮುಟ್ಟಿ ಹೋಗುವರು. ಗೌಡರಿಗೂ ಅದು ಖುಷಿಯೇ. “ನೋಡ್ಲಾ, ನಿಮ್ಮ ಗುಂಡ್ಗೆ ದ್ಯಾವ್ರು ಮಾಡಿದ್ದು, ನಂದು ಕಂಪ್ನಿ ಮಾಲು” ಎಂದು ಮೀಸೆ ತಿರುವುವರು.

ನಮ್ಮ ಆಸ್ಪತ್ರೆಗೆ ಅವರು ಬರುತ್ತಿದ್ದದ್ದು ಕೆಲವು ತಿಂಗಳಿಗೊಮ್ಮೆ, ತಂತಿ ತುಂಡಾಗಿದೆಯೇ ನೋಡಿಸಲು. ನಾನು ಎದೆಯ ಫಿಲಂ ತೆಗೆಯುವುದು, ಡಬ್ಬಿ ಅಲ್ಲೇ ಇದೆ, ತಂತಿ ಸರಿ ಇದೆ ಎಂದು ಬರೆಯುವುದು, ದೊಡ್ಡ ಡಾಕ್ಟರು ನಾಡಿ ಹಿಡಿದು “ಭೇಷ್, ಎಪ್ಪತ್ತು!” ಅನ್ನುವುದು. ಮದುವೆ ಮನೆಗೆ ಹೋದವರೆಲ್ಲ ವಾಲಗದವರನ್ನೇ ನೋಡಿಕೊಂಡು ನಿಂತು ಮದುಮಗನನ್ನು ಮರೆತ ಹಾಗೆ, ಎಲ್ಲರೂ ಆ ಡಬ್ಬಿಯನ್ನು ನೋಡಿದರೇ ಹೊರತು ಅದು ಯಾವುದಕ್ಕಾಗಿ ಇದೆಯೋ ಆ ಗುಂಡಿಗೆ ಏನಾಗಿದೆ ಎಂದು ನೋಡುವವರಿರಲಿಲ್ಲ.

ಆ ವರ್ಷದ ಆಯುಧಪೂಜೆ ಮುಗಿದ ಮೇಲೆ ಗೌಡರು ಕೆಂಪಮ್ಮನ ಜೊತೆ ಮದ್ದೂರಿನ ಆಸ್ಪತ್ರೆಗೆ ಬಂದರು. ಅವರ ಎದೆಯ ಮೇಲೆ, ಡಬ್ಬಿ ಉಬ್ಬಿಕೊಂಡಿದ್ದ ಕಡೆ, ಅರಿಶಿನ ಕುಂಕುಮದ ಕಲೆ ಇನ್ನೂ ಇತ್ತು.

“ಇದೇನ್ ಗೌಡ್ರೇ?” ಎಂದೆ.

“ಏನ್ ಯೋಳ್ಲಿ ಸ್ವಾಮಿ, ನಮ್ಮನೇವ್ರು ನಂಗೂ ಪೂಜೆ ಮಾಡ್ಬುಟ್ರು. ಗಾಣುಕ್ಕೆ ಮಾಡಿದ್ರು, ಪಂಪ್‌ಸೆಟ್ಗೆ ಮಾಡಿದ್ರು, ಆಮ್ಯಾಕೆ ನನ್ನ ಮಣೆ ಮ್ಯಾಲೆ ಕೂರ್ಸಿ ಎದೆಗೆ ಕುಂಕ್ಮ ಇಟ್ಟು ಕುಂಬ್ಳಕಾಯಿ ಒಡುದ್ರು.”

ಕೆಂಪಮ್ಮ ತಲೆ ತಗ್ಗಿಸಲಿಲ್ಲ. “ಮಿಷನ್ನು ಅಂದ್ಮೇಲೆ ಮಿಷನ್ನೇ. ಪಂಪ್‌ಸೆಟ್ಟು ಕೆಟ್ರೆ ಬ್ಯಾರೆ ತರಬೋದು. ಇವ್ರು ಕೆಟ್ರೆ ಎಲ್ಲಿಂದ ತರಾನ?” ಅಂದಳು.

ಆಯುಧಪೂಜೆಯ ದಿನ ಪೂಜೆ ಮಾಡಿದ ಯಂತ್ರವನ್ನು ಓಡಿಸುವಂತಿಲ್ಲವಲ್ಲ. ಗೌಡರನ್ನೂ ಓಡಿಸಲಿಲ್ಲವಂತೆ. ದಿನವಿಡೀ ಚಾಪೆ ಹಾಸಿ ಮಲಗಿಸಿ, ನೀರಿನ ಚೊಂಬು ಸಹ ಕೈಗೇ ತಂದುಕೊಟ್ಟರಂತೆ. ಅದನ್ನೆಲ್ಲ ನಗುತ್ತಾ ಹೇಳಿದ ಗೌಡರು ಕೊನೆಗೆ ಒಂದು ಮಾತು ಸೇರಿಸಿದರು. “ಒಂದು ಮಾತ್ರ ಒಳ್ಳೇದಾಯ್ತು ಸ್ವಾಮಿ. ಅವತ್ತು ನಿದ್ದೆ ಅಂದ್ರೆ ನಿದ್ದೆ. ಕಾಲೂ ಅಗುರಾಯ್ತು.”

ಕುಂಕುಮ ನೋಡಿ ನಗುತ್ತಿದ್ದವನು ಅಲ್ಲಿಗೆ ನಿಲ್ಲಿಸಿದೆ. ಚೆನ್ನಾಗಿರುವ ಆಳನ್ನು ಒಂದು ದಿನ ಮಲಗಿಸಿದರೆ ಮೈಕೈ ನೋವು ಬರಬೇಕು, ಬೇಜಾರು ಬರಬೇಕು. ಕಾಲು ಹಗುರಾಗುವುದೆಂದರೇನು? ಹಗುರಾಗಬೇಕಾದರೆ ಮೊದಲು ಭಾರವಾಗಿರಬೇಕಲ್ಲ. ಕೇಳಿದರೆ ಗೌಡರು ಏನೂ ಇಲ್ಲ ಅಂದರು. ಕೆಂಪಮ್ಮ ಮಾತ್ರ, “ಸಂಜೆ ಒತ್ಗೆ ಚಡಾವಿನ ಗೆರೆ ಕಾಲ್ಮ್ಯಾಲೆ ಒತ್ಕಂಡಿರ್ತದೆ. ಚಡಾವು ಚಿಕ್ದಾಯ್ತು ಅಂತವ್ರೆ” ಎಂದಳು. ಬೆಳೆಯುವ ವಯಸ್ಸು ದಾಟಿ ಎಷ್ಟೋ ವರ್ಷವಾದ ಮೇಲೆ ಗಂಡಸಿಗೆ ಕಾಲಿಗೆ ಮೆಟ್ಟುವ ಚಡಾವು ಚಿಕ್ಕದಾಗುವುದು ನನಗೆ ಹಿಡಿಸಲಿಲ್ಲ.

ಮಂಡ್ಯಕ್ಕೆ ಬಂದು ಅವರ ಫಿಲಮ್ಮುಗಳನ್ನೆಲ್ಲ ತೆಗೆದು ಬೆಳಕಿಗೆ ಹಿಡಿದೆ. ಡಬ್ಬಿಯನ್ನೂ ತಂತಿಯನ್ನೂ ಬಿಟ್ಟು ಗುಂಡಿಗೆಯ ನೆರಳನ್ನೇ ಪಟ್ಟಿ ಇಟ್ಟು ಅಳೆದೆ. ಎದೆಗೂಡಿನ ಅಗಲದಲ್ಲಿ ಗುಂಡಿಗೆ ಅರ್ಧಕ್ಕಿಂತ ಕಡಿಮೆ ಇರಬೇಕು. ಇಲ್ಲಿ ಅರ್ಧ ದಾಟಿತ್ತು. ಬೆಂಗಳೂರಿನಲ್ಲಿ ಡಬ್ಬಿ ಇಟ್ಟ ಹೊಸದರಲ್ಲಿ ತೆಗೆದ ಫಿಲಂ ಒಂದು ಗೌಡರ ಮನೆಯಲ್ಲಿತ್ತು. ಅದನ್ನು ತರಿಸಿದೆ. ಅದಕ್ಕೂ ಪೂಜೆಯಾಗಿತ್ತು, ಕರಿಯಪ್ಪ ಒದ್ದೆ ಹತ್ತಿಯಲ್ಲಿ ಕುಂಕುಮ ಒರೆಸಿಕೊಟ್ಟ. ಅದರಲ್ಲಿ ಗುಂಡಿಗೆ ಅರ್ಧದೊಳಗೇ ಇತ್ತು.

ಎರಡನ್ನೂ ಎತ್ತಿಕೊಂಡು ದೊಡ್ಡ ಡಾಕ್ಟರ ಹತ್ತಿರ ಹೋದೆ. ಅವರು ನೋಡಿದರು, ನಕ್ಕರು. “ಏನ್ರೀ ಇದು? ಬೆಂಗಳೂರಿನದು ಆರಡಿ, ನಿಮ್ಮದು ನಾಲ್ಕೂವರೆ. ನಿಮ್ಮ ಕೋಣೆಯಲ್ಲಿ ನನ್ನನ್ನ ನಿಲ್ಲಿಸಿದ್ರೂ ನನ್ನ ಹೃದಯ ದೊಡ್ಡದಾಗೇ ಕಾಣುತ್ತೆ.”

ಅವರ ಹೃದಯದ ಬಗ್ಗೆ ನನಗೆ ಅನುಮಾನವಿತ್ತು, ಆದರೆ ಮಾತು ಮಾತ್ರ ಸರಿಯಾಗಿತ್ತು. ಬೀರು ಸರಿಸಲು ಧರ್ಮದರ್ಶಿಗಳ ಒಂದು ಪಂಗಡದವರನ್ನು ಕೇಳಿದೆ. ಇನ್ನೊಂದು ಪಂಗಡದವರು ನಾನು ಮೊದಲಿನವರ ಕಡೆಯವನೆಂದು ಹೇಳಿದರು. ಅವರನ್ನು ಕೇಳಿದೆ, ಇವರು ಅದನ್ನೇ ಹೇಳಿದರು. ಜಗಳಗಂಟರಿಬ್ಬರೂ ಒಪ್ಪಿದ ಸಂಗತಿ ಅದೊಂದೇ ಇರಬೇಕು.

ಮದ್ದೂರಿನ ಯಂತ್ರ ಕೈಕಾಲಿನ ಮೂಳೆಗಷ್ಟೇ ಸಾಕಾಗುವ ಪುಟ್ಟದು. ಉಳಿದದ್ದು ಮಳವಳ್ಳಿ. ಅಲ್ಲಿಯ ಆಸ್ಪತ್ರೆ ಒಂದು ಕಾಲಕ್ಕೆ ರಾಗಿ ಮಂಡಿಯಾಗಿತ್ತು. ಎಕ್ಸ್-ರೇ ಕೋಣೆಯಲ್ಲಿ ಆರಡಿಯೇನು, ಎತ್ತಿನ ಗಾಡಿ ತಿರುಗಿಸುವಷ್ಟು ಜಾಗ. ಆದರೆ ಕರೆಂಟಿಲ್ಲ. ಇತ್ತು, ಆದರೆ ಸುತ್ತಲ ಪಂಪ್‌ಸೆಟ್ಟುಗಳು ಕುಡಿದು ಮಿಕ್ಕಿದ್ದು ನಮಗೆ. ದೂರ ಹೆಚ್ಚಾದಷ್ಟೂ ಕಿರಣ ಜಾಸ್ತಿ ಬೇಕು, ಆ ಎಂಜಲು ಕರೆಂಟಿನಲ್ಲಿ ಆರಡಿಯಿಂದ ತೆಗೆದರೆ ಫಿಲಂ ಮೇಲೆ ಬರುತ್ತಿದ್ದದ್ದು ಮಬ್ಬು. ಮಳೆ ಬಂದ ದಿನ ಮಾತ್ರ ಪಂಪ್‌ಸೆಟ್ಟು ಓಡುವುದಿಲ್ಲ, ಅವತ್ತು ದೀಪ ಬೆಳ್ಳಗೆ ಉರಿಯುತ್ತದೆ. ಹಾಗಾಗಿ ನಾನು ಗೌಡರಿಗೆ ಹೇಳಿ ಕಳಿಸಿದೆ: ಚೆನ್ನಾಗಿ ಮಳೆ ಬಿದ್ದ ದಿನ ಮಳವಳ್ಳಿಗೆ ಬನ್ನಿ. ವೈದ್ಯಶಾಸ್ತ್ರದಲ್ಲಿ ಮೋಡ ನೋಡಿ ರೋಗ ಪರೀಕ್ಷೆ ಮಾಡಿದವನು ನಾನೊಬ್ಬನೇ ಇರಬಹುದು.

ದೀಪಾವಳಿಯ ಆಸುಪಾಸಿನ ಜಡಿಮಳೆಯಲ್ಲಿ ಗಂಡ ಹೆಂಡಿರು ಗೋಣಿಕೊಪ್ಪೆ ಹಾಕಿಕೊಂಡು ಬಂದರು. ಆರಡಿ ಅಳೆದು, ಎದೆ ಫಿಲಮ್ಮಿಗೆ ಒತ್ತಿಸಿ, ಉಸಿರು ತುಂಬಿಸಿ, ಬೆಂಗಳೂರಿನವರು ತೆಗೆದ ಹಾಗೆಯೇ ತೆಗೆದೆ. ಅಂಥ ಸ್ವಚ್ಛವಾದ ಫಿಲಂ ನಾನು ಮಂಡ್ಯ ಜಿಲ್ಲೆಯಲ್ಲಿ ಅದುವರೆಗೆ ತೆಗೆದಿರಲಿಲ್ಲ. ತೊಳೆದು ಬೆಳಕಿಗೆ ಹಿಡಿದು ಪಟ್ಟಿ ಇಟ್ಟು ಅಳೆದೆ. ಈಗ ದೂರದ ನೆಪವಿಲ್ಲ. ಗುಂಡಿಗೆ ನಿಜವಾಗಿಯೂ ಹಿಗ್ಗಿತ್ತು. ಶ್ವಾಸಕೋಶದ ಮೇಲ್ಭಾಗದ ರಕ್ತನಾಳಗಳೂ ದಪ್ಪಗಾಗಿದ್ದವು. ಯಂತ್ರ ಬಾರಿಸಿದ ಹಾಗೆ ಗುಂಡಿಗೆ ಕುಣಿಯುತ್ತಿತ್ತು, ಆದರೆ ಕುಣಿದು ಕುಣಿದು ಸೋಲುತ್ತಿತ್ತು.

ನನಗೆ ಸಂತೋಷವಾಯಿತೇ ಎಂದು ಒಬ್ಬ ಹುಡುಗ ಕೇಳಿದ್ದ, ಕಂಡುಹಿಡಿದೆನಲ್ಲ ಅಂತ. ಇಲ್ಲಪ್ಪ, ಹೆದರಿಕೆಯಾಯಿತು. ಏಕೆಂದರೆ ಆ ಹೊತ್ತಿಗೆ ದೊಡ್ಡ ಡಾಕ್ಟರು ಒಂದು ಕಾರ್ಯಕ್ರಮ ಗೊತ್ತು ಮಾಡಿಬಿಟ್ಟಿದ್ದರು. ಸಂಕ್ರಾಂತಿ ಕಳೆದ ಮೇಲೆ ಮದ್ದೂರಿನಲ್ಲಿ ಆರೋಗ್ಯ ಪ್ರದರ್ಶನ, ಒಬ್ಬ ಮಂತ್ರಿಗಳು ಬರುವವರಿದ್ದರು. ಅವರೆದುರು ಸಿದ್ದೇಗೌಡರು ವೇದಿಕೆಯ ಮೇಲೆ ತುಂಬಿದ ಬೆಲ್ಲದ ಮೂಟೆ ಎತ್ತಿ ಹೆಗಲಿಗೆ ಹಾಕಿಕೊಂಡು, ಆಧುನಿಕ ವೈದ್ಯದ ಮಹಿಮೆ ಸಾರಬೇಕು. ಮಂತ್ರಿಗಳು ಮೆಚ್ಚಿ ಆಸ್ಪತ್ರೆಗೆ ಹೊಸ ಕಟ್ಟಡ ಕೊಡಬೇಕು. ಗೌಡರು ಆಗಲೇ ತಾಲೀಮು ಮಾಡುತ್ತಿದ್ದರು.

ಮಳವಳ್ಳಿಯ ಆ ಕೋಣೆಯಲ್ಲೇ ಬೆಂಗಳೂರಿನದೂ ಹೊಸದೂ ಎರಡು ಫಿಲಮ್ಮನ್ನೂ ಕಿಟಕಿಗೆ ಹಿಡಿದು ಗಂಡ ಹೆಂಡಿರಿಗೆ ತೋರಿಸಿದೆ.

“ನಾ ಚೆನ್ನಾಗಿವ್ನಿ” ಅಂದರು ಗೌಡರು. “ನಾಡಿ ನೋಡಿ ಬೇಕಾರೆ.”

“ಗೌಡ್ರೇ, ಆ ನಾಡಿ ನಿಮ್ಮದಲ್ಲ, ಬ್ಯಾಟರಿಯದು. ನಿಮ್ಮದು ಈ ಗುಂಡಿಗೆ. ಇದು ಸುಸ್ತಾಗ್ತಾ ಇದೆ. ನಿಮಗೆ ಇನ್ನೂ ಗೊತ್ತಾಗಿಲ್ಲ, ಅಷ್ಟೇ.”

“ನಂಗೇ ಗೊತ್ತಾಗ್ದಿರಾದು ನಿಮ್ಗೆಂಗೆ ಗೊತ್ತಾಯ್ತದೆ?”

ನ್ಯಾಯವಾದ ಪ್ರಶ್ನೆ. ನಮ್ಮ ಕಸುಬಿಗೆ ಇರುವುದು ಅದೊಂದೇ ಉತ್ತರ, ಅದನ್ನು ಕಿಟಕಿಗೆ ಹಿಡಿದುಕೊಂಡೇ ನಿಂತಿದ್ದೆ. ಕೆಂಪಮ್ಮ ಹತ್ತಿರ ಬಂದು ಒಂದರ ಮೇಲೆ ಬೆರಳಾಡಿಸಿದಳು, ಇನ್ನೊಂದರ ಮೇಲೆ ಆಡಿಸಿದಳು.

“ಇದು ಇನ್ನೂ ಊದ್ಕಂಡ್ರೆ?”

“ಕಾಲು ಊದುತ್ತೆ, ಮಲಗಿದ್ರೆ ಉಸಿರು ಸಿಕ್ಕಲ್ಲ. ಆಮೇಲೆ ಉಳಿಸೋದು ಕಷ್ಟ ಕಣಮ್ಮ. ಈಗಲೇ ಬೆಂಗಳೂರಿಗೆ ಹೋದರೆ ಔಷಧಿ ಇದೆ.”

“ಮೂಟೆ ಎತ್ತಿದ್ರೆ?”

“ಏನೂ ಆಗದೇ ಇರಬಹುದು, ಅಲ್ಲೇ ಬಿದ್ದುಬಿಡಲೂಬಹುದು. ಇವರು ನನ್ನ ಅಣ್ಣ ಆಗಿದ್ರೆ ನಾನು ಎತ್ತೋಕೆ ಬಿಡ್ತಿರಲಿಲ್ಲ.”

ಗೌಡರು ಎದ್ದು ಗೋಣಿಕೊಪ್ಪೆ ಕೊಡವಿದರು. “ಊರಿಗೂರೇ ಟ್ರ್ಯಾಕ್ಟ್ರು ಕಟ್ಕಂಡು ನೋಡಾಕೆ ಬತ್ತಾದೆ. ಈಗ ಆಗಲ್ಲ ಅಂದ್ರೆ ಮಕಕ್ಕೆ ಉಗೀತಾರೆ. ನಡಿಯಮ್ಮಿ” ಎಂದು ಹೊರಟರು.

ದೊಡ್ಡ ಡಾಕ್ಟರಿಗೆ ಹೊಸ ಫಿಲಂ ತೋರಿಸಿದೆ. ಈ ಸಲ ಅವರು ನಗಲಿಲ್ಲ. ಬಹಳ ಹೊತ್ತು ನೋಡಿದರು. ಅರ್ಥವಾಯಿತೆಂದು ಅವರ ಮುಖದಲ್ಲೇ ಕಂಡಿತು. ಅದಕ್ಕೇ ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟು. ಅರ್ಥವಾಗದವರನ್ನು ಕ್ಷಮಿಸಬಹುದು. ಫಿಲಂ ಕೆಳಗಿಟ್ಟು, “ಮಳವಳ್ಳಿ ಕರೆಂಟು ನಂಬಿ ಮಂತ್ರಿಗಳ ಕಾರ್ಯಕ್ರಮ ನಿಲ್ಲಿಸೋಕಾಗುತ್ತೇನ್ರೀ? ರೋಗಿಗೇ ಏನೂ ತೊಂದರೆ ಇಲ್ಲ. ಪ್ರದರ್ಶನ ಆಗ್ಲಿ, ಆಮೇಲೆ ನೋಡೋಣ” ಅಂದರು.

“ಆಮೇಲೆ ನೋಡೋಕೆ ಅವರು ಇರ್ತಾರೆಯೇ ಸಾರ್?”

“ನೀವು ನೆರಳು ನೋಡೋರು, ನಾನು ಮನುಷ್ಯನ್ನ ನೋಡೋನು. ಹೋಗಿ ಕೆಲಸ ನೋಡಿ.”

ಬೆಂಗಳೂರಿನ ಆಸ್ಪತ್ರೆಗೆ ಕಳಿಸಲು ಅವರ ಶಿಫಾರಸು ಬೇಕು, ಅದು ಸಿಗಲಿಲ್ಲ. ನಿಡಘಟ್ಟದ ಕಡೆ ನಾನೇ ಎರಡು ಸಲ ಬಸ್ಸಿಳಿದು ಹೋದೆ, ಗೌಡರ ಕಾಲಿಗೆ ಬೀಳುವುದೊಂದು ಬಾಕಿ. ಅವರು ಮಜ್ಜಿಗೆ ಕೊಟ್ಟು, ಬೆಲ್ಲ ಕಟ್ಟಿಸಿಕೊಟ್ಟು ಕಳಿಸಿದರು. ಎರಡನೆಯ ಸಲ ಹೋದಾಗ ಅಂಗಳದಿಂದ ಜಗಲಿ ಹತ್ತುವಾಗ ಗೌಡರು ಮಾತು ನಡುವೆ ನಿಲ್ಲಿಸಿ ಉಸಿರೆಳೆದುಕೊಂಡರು. ಕೆಂಪಮ್ಮ ನನ್ನನ್ನು ನೋಡಿದಳು.

ಪ್ರದರ್ಶನದ ದಿನ ಮದ್ದೂರಿನ ಮೈದಾನ ತುಂಬಿತ್ತು. ಮಂತ್ರಿಗಳು ವಾಡಿಕೆಯಂತೆ ತಡವಾಗಿ ಬಂದರು. ದೊಡ್ಡ ಡಾಕ್ಟರು ಮೈಕಿನ ಮುಂದೆ ಸುಮಾರು ಹೊತ್ತು ಮಾತಾಡಿ, “ಸಾವಿನ ಬಾಯಿಂದ ಬಂದ ಈ ರೈತ ಈಗ ನಿಮ್ಮ ಮುಂದೆ...” ಎಂದು ಕೈ ತೋರಿಸಿದರು. ಮೈಸೂರು ಪೇಟ ಸುತ್ತಿಕೊಂಡ ಸಿದ್ದೇಗೌಡರು ಬಂದು ಮೂಟೆಯ ಮುಂದೆ ನಿಂತು, ಪಂಚೆ ಎತ್ತಿ ಕಟ್ಟಿ, ಅಂಗೈಗೆ ಉಗುಳಿ ಉಜ್ಜಿಕೊಂಡರು. ಅವರ ಊರಿನವರು ಶಿಳ್ಳೆ ಹೊಡೆದರು. ನಾನು ವೇದಿಕೆಯ ಪಕ್ಕದಲ್ಲಿ, ನಾನು ಓದಿದ್ದೆಲ್ಲ ಸುಳ್ಳಾಗಲಿ ದೇವರೇ ಎಂದುಕೊಂಡು ನಿಂತಿದ್ದೆ.

ಗೌಡರು ಬಗ್ಗಿದರು. ಆಗ ಹೆಂಗಸರ ಕಡೆಯಿಂದ ಕೆಂಪಮ್ಮ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೆಟ್ಟಿಲು ಹತ್ತಿ ಬಂದು ಆ ಬೆಲ್ಲದ ಮೂಟೆಯ ಮೇಲೆ ಕುಳಿತುಬಿಟ್ಟಳು.

“ಏಯ್, ಏಳಮ್ಮಿ!” ಅಂದರು ಗೌಡರು.

“ಏಳಾಕಿಲ್ಲ. ಎತ್ತಾದಾದ್ರೆ ನನ್ನೂ ಸೇರ್ಸಿ ಎತ್ತು.”

ಮೈಕು ಹಾಕಿದ್ದು ಹಾಗೇ ಇತ್ತು. ಮೈದಾನವೆಲ್ಲ ನಕ್ಕಿತು. ಸ್ವಯಂಸೇವಕರಿಬ್ಬರು ಬಂದರು, ಮುಟ್ಟಲು ಧೈರ್ಯ ಸಾಲದೆ ಹಿಂದೆ ಸರಿದರು. ಕೆಂಪಮ್ಮನದು ಸಣ್ಣ ಶರೀರವೇನಲ್ಲ. ಮಂತ್ರಿಗಳು ನಗು ತಡೆದುಕೊಂಡು ಕೇಳಿದರು: “ಯಾರಮ್ಮಾ ನೀನು?”

“ಈ ಮಿಷನ್ನಿನ ಮನೆಯೋಳು ಸ್ವಾಮಿ. ಇವ್ರ ಗುಂಡ್ಗೆ ಊದ್ಕಂಡೈತೆ. ಪಟದಾಗೆ ಬಂದೈತೆ, ನಾನೇ ಕಣ್ಣಾರೆ ಕಂಡಿವ್ನಿ. ಅಗೋ ಆ ಡಾಕ್ಟ್ರು ತೋರ್ಸವ್ರೆ. ಬೆಂಗ್ಳೂರ್ಗೆ ಕಳ್ಸಿ ಅಂದ್ರೆ ಯಾರೂ ಕಳುಸ್ತಾ ಇಲ್ಲ. ಇವ್ರಿಗೆ ಮಾನ ಮುಖ್ಯ, ನಿಮ್ಗೆ ಚಪ್ಪಾಳೆ ಮುಖ್ಯ. ನಂಗೆ ಗಂಡ ಮುಖ್ಯ ಕಣಪ್ಪ.” ಇಷ್ಟು ಹೇಳುವ ಹೊತ್ತಿಗೆ ಅವಳಿಗೆ ಅಳು ಬಂದುಬಿಟ್ಟಿತು. ಆದರೆ ಮೂಟೆ ಬಿಟ್ಟು ಏಳಲಿಲ್ಲ.

ಮೈದಾನದಲ್ಲಿ ಯಾರೂ ನಗಲಿಲ್ಲ. ಮಂತ್ರಿಗಳು ದೊಡ್ಡ ಡಾಕ್ಟರ ಕಡೆ ತಿರುಗಿ, “ಏನ್ರೀ ಡಾಕ್ಟ್ರೇ, ಹೌದೇ?” ಎಂದರು.

ದೊಡ್ಡ ಡಾಕ್ಟರು ಕಣ್ಣು ಮಿಟುಕಿಸಿದ್ದನ್ನು ನಾನು ಕಾಣೆ. “ಅದನ್ನೇ ಹೇಳಲು ಹೊರಟಿದ್ದೆ ಸಾರ್. ಆರಂಭದಲ್ಲೇ ನಾವು ಪತ್ತೆ ಹಚ್ಚಿದ್ದೇವೆ. ಇಂಥ ಪರೀಕ್ಷೆ ಜಿಲ್ಲೆಯಲ್ಲಿ ಇದೇ ಮೊದಲು. ನಾಳೆಯೇ ನಮ್ಮ ವ್ಯಾನಿನಲ್ಲಿ ಬೆಂಗಳೂರಿಗೆ ಕಳಿಸುತ್ತಿದ್ದೇವೆ.” ಭರ್ಜರಿ ಚಪ್ಪಾಳೆ ಬಿತ್ತು. ಬಿದ್ದರೆ ಬೀಳಲಿ, ವ್ಯಾನು ಮಾರನೆಯ ದಿನ ನಿಜವಾಗಿಯೂ ಹೊರಟಿತು. ಎರಡು ಫಿಲಮ್ಮನ್ನೂ ಕೆಂಪಮ್ಮ ತೊಡೆಯ ಮೇಲೆ ಇಟ್ಟುಕೊಂಡು ಹೋದಳು.

ಬೆಂಗಳೂರಿನ ಹೃದಯದ ಡಾಕ್ಟರು ಅವನ್ನು ಪಕ್ಕಪಕ್ಕ ಹಿಡಿದು, ತಾವೂ ಒಂದು ತೆಗೆಸಿ ನೋಡಿ, ಗುಂಡಿಗೆ ಬಳಲಲು ಶುರುವಾಗಿದೆ, ಇನ್ನೂ ಕೈಮೀರಿಲ್ಲ ಅಂದರಂತೆ. ಗುಂಡಿಗೆಗೆ ಬಲ ಕೊಡುವ ಮಾತ್ರೆ, ಮೈಯ ನೀರು ಇಳಿಸುವ ಮಾತ್ರೆ ಕೊಟ್ಟು, ಭಾರ ಎತ್ತಕೂಡದು, ಉಪ್ಪು ತಿನ್ನಕೂಡದು ಎಂದು ಕಟ್ಟುಮಾಡಿ ಕಳಿಸಿದರು. ಇತ್ತ ನನ್ನನ್ನು ಮಂಡ್ಯದಿಂದ ಬಿಡಿಸಿ ಪೂರ್ತಿಯಾಗಿ ಮಳವಳ್ಳಿಗೆ ಹಾಕಿದರು. ದೊಡ್ಡ ಡಾಕ್ಟರು ಅದನ್ನು ಶಿಕ್ಷೆ ಅಂದುಕೊಂಡಿದ್ದರು. ನಾನು ಮೊದಲ ಸಲ ನಂಬಬಹುದಾದ ಫಿಲಂ ತೆಗೆಯುತ್ತಾ ನೆಮ್ಮದಿಯಾಗಿದ್ದೆ.

ಈಗ ಹೊಸಬರಾದ ನಿಮ್ಮ ಹತ್ತಿರ ಎಕೋ ಯಂತ್ರವಿದೆ. ಶಬ್ದದ ಅಲೆ ಬಿಟ್ಟು ಗುಂಡಿಗೆ ಹಿಂಡುವುದನ್ನು ಪರದೆಯ ಮೇಲೆ ನೋಡುತ್ತೀರಿ, ಎಷ್ಟು ಪಾಲು ರಕ್ತ ಹೊರಹಾಕುತ್ತಿದೆ ಎಂದು ಲೆಕ್ಕ ಕೊಡುತ್ತೀರಿ. ಪೇಸ್‌ಮೇಕರ್ ಇಟ್ಟವರಲ್ಲಿ ಕೆಲವರ ಗುಂಡಿಗೆ ಆ ಬಡಿತದಿಂದಲೇ ಸೋಲಬಹುದು ಎಂಬುದೂ ಈಗ ಪುಸ್ತಕದಲ್ಲಿದೆ. ನಾವು ಆಗ ಬೇಗ ಕಂಡುಹಿಡಿದೆವು ಅಂದದ್ದು ನಿಮ್ಮ ಲೆಕ್ಕದಲ್ಲಿ ತಡವೇ. ಒಪ್ಪುತ್ತೇನೆ. ಆದರೆ ಮೊನ್ನೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ನೋಡಿದೆ, ಪೇಸ್‌ಮೇಕರ್ ಇಟ್ಟ ಒಬ್ಬ ಹೆಂಗಸಿನ ಡಬ್ಬಿಯನ್ನು ಕಂಪ್ಯೂಟರಿಗೆ ಜೋಡಿಸಿ, ಬ್ಯಾಟರಿ ಚೆನ್ನಾಗಿದೆ ಎಂದು ಹೇಳಿ ಕಳಿಸಿಬಿಟ್ಟರು. ಎಕೋ ಕೋಣೆ ಪಕ್ಕದಲ್ಲೇ ಇತ್ತು, ಅದರ ಮುಂದೆ ಬೀರುವೂ ಇರಲಿಲ್ಲ.

ಇನ್ನೊಂದು ಮಾತು. ತಡವಾಗಿ ಕಂಡುಹಿಡಿದು ಉಳಿಸಿದವನಿಗೆ ಹಾರ ಹಾಕುತ್ತಾರೆ. ಬೇಗ ಕಂಡುಹಿಡಿದವನಿಗೆ ಬೈಗುಳ. ಏಕೆಂದರೆ ಕೆಡುವ ಮೊದಲೇ ಸರಿಯಾದದ್ದು ಕೆಡುತ್ತಿತ್ತೆಂದು ಯಾರೂ ನಂಬುವುದಿಲ್ಲ.

ಪ್ರದರ್ಶನ ನಡೆದ ವರ್ಷದ ಕೊನೆಗೆ ಗೌಡರೂ ಕೆಂಪಮ್ಮನೂ ಮಳವಳ್ಳಿಗೆ ಬಂದರು. ಫಿಲಂ ತೆಗೆದು ಅಳೆದೆ. ಗುಂಡಿಗೆ ಕುಗ್ಗಿತ್ತು, ಹೆಚ್ಚೇನಲ್ಲ, ಆದರೆ ಮತ್ತೆ ಅರ್ಧದೊಳಗೆ ಬಂದಿತ್ತು. ಇನ್ನೊಮ್ಮೆ ಅಳೆದು ನೋಡಿದೆ, ಅಷ್ಟೇ ಬಂತು. ಗೌಡರಿಗೆ ಹೇಳಿದೆ.

“ಅಂದ್ರೆ ಈಗ ಚೆನ್ನಾಗಿವ್ನಿ ಅನ್ನಿ.”

“ಹೌದು.”

“ಆವಾಗ್ಲೂ ಚೆನ್ನಾಗೇ ಇದ್ದೆ. ಮುದ್ದೆಗೆ ಉಪ್ಪು ಸಾರಾದ್ರೂ ಇತ್ತು. ಮೂಟೆ ಎತ್ತಂಗಿಲ್ಲ, ಉಪ್ಪು ತಿನ್ನಂಗಿಲ್ಲ, ಆಲೆಮನೇಲಿ ಇವ್ಳು ಯಜಮಾನಿ, ನಾನು ಕುಂತು ನೊಣ ಒಡೀಬೇಕು. ಒಳ್ಳೆ ಮನ್ಸನ್ನ ಕೆಡ್ಸಿ ಕೂರ್ಸಿದ್ರಿ ಕಣ್ರೀ ನೀವು!” ಎಂದು ಬಾಯಿ ತುಂಬ ಬೈದು, ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, ಬಸ್‌ಸ್ಟ್ಯಾಂಡಿನ ಕಡೆ ದಡದಡ ನಡೆದುಬಿಟ್ಟರು.

ಕೆಂಪಮ್ಮ ಫಿಲಂ ತೆಗೆದುಕೊಳ್ಳಲು ಹಿಂದೆ ನಿಂತಳು. ನನ್ನ ಮುಖ ಸಣ್ಣದಾದದ್ದು ಅವಳಿಗೆ ಕಂಡಿರಬೇಕು.

“ಬೇಜಾರ್ ಮಾಡ್ಕಬ್ಯಾಡಿ ಸ್ವಾಮಿ” ಅಂದಳು. “ದಿನಾ ಬೆಳುಗ್ಗೆ ಎದ್ರೆ ನಂಗೂ ಇಂಗೇ ಬೈತಾರೆ. ನಾ ಕೇಳ್ತಾ ಕುಂತಿರ್ತೀನಿ. ಬೈಯಾಕಾದ್ರೂ ಅವ್ರೆ ಅಲ್ವಾ?”

ಅಷ್ಟು ಹೇಳಿ ಫಿಲಂ ಕಂಕುಳಿಗೆ ಇಟ್ಟುಕೊಂಡು, ಬಸ್ಸು ತಪ್ಪೀತೆಂದು ಗಂಡನ ಹಿಂದೆ ಓಡಿದಳು.